ಡಿಬೇಟ್ ನೋಡಿದ ಮತದಾರನ ಮನಸ್ಸಿನಲ್ಲಿ ಏನಾಗುತ್ತದೆ?

2024ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ನಡುವೆ ಎರಡು ಟಿವಿ ಡಿಬೇಟ್ ನಡೆದವು. ಜೂನ್ 27ರಂದು ಅಟ್ಲಾಂಟಾದಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಮತ್ತು ಡೊನಾಲ್ಡ್ ಟ್ರಂಪ್ ಎದುರಾದರು. ಬೈಡನ್ ತಡವರಿಸಿದರು, ಮಾತಿನ ಮಧ್ಯೆ ಎಳೆ ತಪ್ಪಿಸಿಕೊಂಡರು. ಒಂದು ತಿಂಗಳೂ ಕಳೆಯಲಿಲ್ಲ, ಜುಲೈ 21ರಂದು ಅವರು ಕಣದಿಂದಲೇ ಹಿಂದೆ ಸರಿದರು. ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಟ್ರಂಪ್ ಎದುರು ನಿಂತವರು ಬೈಡನ್ ಅವರ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್. ಆ ರಾತ್ರಿ ನೋಡಿದವರಲ್ಲಿ ಹೆಚ್ಚಿನವರು ಹ್ಯಾರಿಸ್ ಗೆದ್ದರು ಎಂದರು. ಆದರೆ ನವೆಂಬರ್ 5ರಂದು ಚುನಾವಣೆ ಗೆದ್ದದ್ದು ಟ್ರಂಪ್.

ಒಂದು ಡಿಬೇಟ್ ಅಭ್ಯರ್ಥಿಯನ್ನೇ ಬದಲಾಯಿಸಿತು. ಇನ್ನೊಂದು ಫಲಿತಾಂಶದ ಮೇಲೆ ಗುರುತೇ ಬಿಡಲಿಲ್ಲ. ಎರಡನ್ನೂ ನೋಡಿದವರು ಅದೇ ಮತದಾರರು. ಹಾಗಾದರೆ ಡಿಬೇಟ್ ನೋಡುವಾಗ ಅವರ ಮನಸ್ಸಿನಲ್ಲಿ ನಿಜವಾಗಿ ಏನಾಗುತ್ತದೆ?

ಈ ಪ್ರಶ್ನೆ ಈಗ ಎಷ್ಟೋ ಕನ್ನಡ ಮನೆಗಳಿಗೂ ಸೇರಿದ್ದು. ಅಮೆರಿಕದ ಪೌರತ್ವ ಪಡೆದು ವೋಟು ಹಾಕುವ ಕನ್ನಡಿಗರು ಈಗ ಎಲ್ಲ ಕಡೆ ಇದ್ದಾರೆ. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಅಧ್ಯಕ್ಷರ ಚುನಾವಣೆಯಲ್ಲಿ ವೋಟು ಪೌರರಿಗೆ ಮಾತ್ರ. ಇತ್ತ ಊರಲ್ಲಿರುವ ಅಪ್ಪ-ಅಮ್ಮಂದಿರೂ ಡಿಬೇಟ್ ನೋಡುತ್ತಾರೆ. ಅಲ್ಲಿ ಪೂರ್ವ ಕರಾವಳಿಯ ರಾತ್ರಿ 9 ಗಂಟೆ ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ 6.30, ಕಾಫಿ ಹೊತ್ತು. ಸಂಜೆ ಮಗಳಿಗೆ ಫೋನ್ ಮಾಡಿದಾಗ ಮೊದಲ ಮಾತೇ, "ಯಾರು ಗೆದ್ದರಂತೆ?" ಈ ಪ್ರಶ್ನೆಗೆ ಉತ್ತರ ಸಿಗುವುದು ಸುಲಭ. ಆ ಉತ್ತರಕ್ಕೂ ವೋಟಿಗೂ ಏನು ಸಂಬಂಧ ಅನ್ನುವುದು ಕಷ್ಟದ ಭಾಗ.

ಮೊದಲು, ಈ ಡಿಬೇಟ್ ಅಂದರೇನು

ನಮ್ಮ ಟಿವಿಯಲ್ಲಿ ರಾತ್ರಿ ನಡೆಯುವ ಚರ್ಚೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇದು ಅರ್ಥವಾಗುವುದಿಲ್ಲ. ಅಮೆರಿಕದ ಡಿಬೇಟ್‌ಗೆ ಪಕ್ಷದ ವಕ್ತಾರರು ಬರುವುದಿಲ್ಲ, ಅಭ್ಯರ್ಥಿಗಳೇ ಬಂದು ನಿಲ್ಲುತ್ತಾರೆ. ಸಾಮಾನ್ಯವಾಗಿ ಇಬ್ಬರೇ. ಸುಮಾರು 90 ನಿಮಿಷ. ಪ್ರಶ್ನೆ ಕೇಳಲು, ಸಮಯ ನೋಡಿಕೊಳ್ಳಲು ಒಬ್ಬರೋ ಇಬ್ಬರೋ ಪತ್ರಕರ್ತರು ಇರುತ್ತಾರೆ. ಅವರಿಗೆ ಮಾಡರೇಟರ್ ಅನ್ನುತ್ತಾರೆ.

ಇದು ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಮೊದಲ ಟಿವಿ ಡಿಬೇಟ್ ನಡೆದದ್ದು 1960ರಲ್ಲಿ. ಆಮೇಲೆ 1964, 1968, 1972ರ ಚುನಾವಣೆಗಳಲ್ಲಿ ಒಂದೂ ನಡೆಯಲಿಲ್ಲ. 1976ರಲ್ಲಿ ಮತ್ತೆ ಶುರುವಾಗಿ ಇವತ್ತಿನವರೆಗೆ ನಿಂತಿಲ್ಲ. ಮೊದಮೊದಲು ಲೀಗ್ ಆಫ್ ವಿಮೆನ್ ವೋಟರ್ಸ್ ಎಂಬ ಸಂಸ್ಥೆ ನಡೆಸುತ್ತಿತ್ತು. 1987ರಲ್ಲಿ ಇದಕ್ಕೆಂದೇ ಒಂದು ಆಯೋಗ ಹುಟ್ಟಿತು. 2024ರಲ್ಲಿ ಎರಡೂ ಪಕ್ಷದವರು ಆ ಆಯೋಗವನ್ನು ಬಿಟ್ಟು ನೇರವಾಗಿ ಟಿವಿ ಚಾನೆಲ್‌ಗಳ ಜೊತೆ ಮಾತಾಡಿಕೊಂಡರು. ಜೂನ್‌ನದನ್ನು ಸಿಎನ್‌ಎನ್, ಸೆಪ್ಟೆಂಬರ್‌ನದನ್ನು ಎಬಿಸಿ ನಡೆಸಿದವು.

ನಿಯಮಗಳು ಸಣ್ಣವು ಅನ್ನಿಸಿದರೂ ನೋಡುವವರ ಮೇಲೆ ದೊಡ್ಡ ಪರಿಣಾಮ ಮಾಡುತ್ತವೆ. 2020ರ ಮೊದಲ ಡಿಬೇಟ್‌ನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಏನೂ ಕೇಳಿಸದ ಹಾಗಾಯಿತು. ಅದಕ್ಕೇ ಅದರ ಮುಂದಿನ ಡಿಬೇಟ್‌ನಲ್ಲಿ, ಪ್ರತಿ ವಿಷಯದ ಶುರುವಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಆಫ್ ಮಾಡಿದರು. 2024ರಲ್ಲಿ ಎರಡೂ ಸಲ ಸರದಿ ಇಲ್ಲದವರ ಮೈಕ್ ಬಂದ್. ಸಭಿಕರೂ ಇರಲಿಲ್ಲ. ಬರೆದುಕೊಂಡು ಬಂದ ಚೀಟಿ ಇಟ್ಟುಕೊಳ್ಳುವಂತಿಲ್ಲ. ಒಂದು ಪೆನ್ನು, ಖಾಲಿ ಹಾಳೆ, ನೀರಿನ ಬಾಟಲಿ, ಅಷ್ಟೇ.

ನೋಡಲು ಕೂರುವವರು ಯಾರು

ಡಿಬೇಟ್ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಇಲ್ಲಿಂದಲೇ ಶುರು. ಯಾರಿಗೆ ವೋಟು ಹಾಕಬೇಕು ಅಂತ ಗೊತ್ತಿಲ್ಲದವರು ಟಿವಿ ಮುಂದೆ ಕೂತು, ಎರಡೂ ಕಡೆ ಕೇಳಿ, ತೂಗಿ ನೋಡಿ, ಆಮೇಲೆ ತೀರ್ಮಾನ ಮಾಡುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ವಾಸ್ತವ ಹೆಚ್ಚು ಕಡಿಮೆ ತಿರುಗುಮುರುಗು. 90 ನಿಮಿಷ ಕೂತು ನೋಡುವಷ್ಟು ರಾಜಕೀಯದ ಆಸಕ್ತಿ ಇರುವವರು ಬಹುತೇಕ ಆಗಲೇ ತೀರ್ಮಾನ ಮಾಡಿರುತ್ತಾರೆ. ತೀರ್ಮಾನ ಮಾಡದವರಲ್ಲಿ ತುಂಬ ಜನ ನೋಡುವುದೇ ಇಲ್ಲ. ಮರುದಿನ ಫೋನಿನಲ್ಲಿ ಅರ್ಧ ನಿಮಿಷದ ತುಣುಕು ಬಂದರೆ ನೋಡುತ್ತಾರೆ.

ತಾಳಮದ್ದಳೆ ಕೇಳಿ ರೂಢಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೃಷ್ಣ ಸಂಧಾನದ ಪ್ರಸಂಗ ಅಂದುಕೊಳ್ಳಿ. ಸಂಧಾನ ಮುರಿದು ಬೀಳುತ್ತದೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ತಾಸುಗಟ್ಟಲೆ ಕೂರುತ್ತಾರೆ, ಅರ್ಥಧಾರಿಗಳ ಮಾತಿಗಾಗಿ. ಕೌರವನ ಅರ್ಥ ಹೇಳಿದವರು ಕೃಷ್ಣನ ಬಾಯಿ ಕಟ್ಟಿಸಿಬಿಟ್ಟರೆ, ಮನೆಗೆ ಹೊರಟವರು "ಇವತ್ತು ಕೌರವನದ್ದೇ ಮೇಲುಗೈ" ಅಂತ ಬಾಯ್ತುಂಬ ಹೊಗಳುತ್ತಾರೆ. ಹಾಗಂತ ಯಾರೂ ಕೌರವನ ಪಕ್ಷ ಸೇರುವುದಿಲ್ಲ. ವಾದ ಯಾರದು ಚೆನ್ನಾಗಿತ್ತು ಅನ್ನುವುದು ಒಂದು ತೀರ್ಪು. ನಾನು ಯಾರ ಕಡೆ ಅನ್ನುವುದು ಬೇರೆಯೇ ತೀರ್ಪು. ಒಂದೇ ತಲೆಯಲ್ಲಿ ಎರಡೂ ತಕರಾರಿಲ್ಲದೆ ಇರಬಲ್ಲವು.

ಸಿಎನ್‌ಎನ್ ಸಮೀಕ್ಷೆಯ ಅಂಕಿಗಳು ಇದನ್ನೇ ಹೇಳುತ್ತವೆ. ಜೂನ್ 27ರ ಡಿಬೇಟ್ ನೋಡಿದವರಲ್ಲಿ 67% ಜನ ಟ್ರಂಪ್ ಗೆದ್ದರು ಎಂದರು, 33% ಜನ ಬೈಡನ್ ಎಂದರು. ಸೆಪ್ಟೆಂಬರ್ 10ರಂದು ಹ್ಯಾರಿಸ್‌ಗೆ 63%, ಟ್ರಂಪ್‌ಗೆ 37%. ಎರಡೂ ಸಲ ಅದೇ ಜನರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ಇದರಿಂದ ನಿಮ್ಮ ಆಯ್ಕೆ ಬದಲಾಯಿತಾ? ಹತ್ತರಲ್ಲಿ ಎಂಟು ಜನ, ಏನೂ ಬದಲಾಗಲಿಲ್ಲ ಎಂದರು. ಬದಲಾಯಿತು ಎಂದವರು ನೂರಕ್ಕೆ ಐದರ ಆಸುಪಾಸು.

ಪತ್ರಿಕೆಗಳ ತಲೆಬರಹಕ್ಕೆ ಬರುವುದು ಮೊದಲ ಪ್ರಶ್ನೆಯ ಉತ್ತರ. ನನಗೆ ಕೇಳಿದರೆ ಎರಡನೆಯದೇ ದೊಡ್ಡ ಸುದ್ದಿ.

ಕಿವಿಗಿಂತ ಮೊದಲು ಕಣ್ಣು

1960ರ ಸೆಪ್ಟೆಂಬರ್ 26, ಶಿಕಾಗೋದ ಒಂದು ಟಿವಿ ಸ್ಟುಡಿಯೋ. ಒಂದು ಕಡೆ ಜಾನ್ ಕೆನಡಿ, ಇನ್ನೊಂದು ಕಡೆ ಆಗಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್. ಸುಮಾರು 7 ಕೋಟಿ ಜನ ನೋಡಿದರು ಅಂತ ಲೆಕ್ಕ.

ನಿಕ್ಸನ್ ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ಆಸ್ಪತ್ರೆಯಿಂದ ಎದ್ದು ಬಂದಿದ್ದರು. ಕಾರಿನ ಬಾಗಿಲಿಗೆ ಬಡಿದ ಮಂಡಿಗೆ ಸೋಂಕಾಗಿ ಎರಡು ವಾರದಷ್ಟು ಮಲಗಿದ್ದರು. ತೂಕ ಇಳಿದಿತ್ತು, ಅಂಗಿಯ ಕಾಲರ್ ಕುತ್ತಿಗೆಗೆ ಸಡಿಲವಾಗಿತ್ತು. ಸ್ಟುಡಿಯೋ ಹತ್ತಿರ ಇಳಿಯುವಾಗ ಅದೇ ಮಂಡಿ ಮತ್ತೆ ಬಡಿಯಿತು. ಸರಿಯಾದ ಮೇಕಪ್ ಬೇಡ ಎಂದು, ಗಡ್ಡದ ನೆರಳು ಮುಚ್ಚಲು ಅಂಗಡಿಯಲ್ಲಿ ಸಿಗುವ ಪೌಡರ್ ಹಚ್ಚಿಕೊಂಡರು. ದೀಪದ ಬಿಸಿಗೆ ಬೆವರಿತು. ತೊಟ್ಟ ಬೂದು ಬಣ್ಣದ ಸೂಟು ಹಿಂದಿನ ಗೋಡೆಯ ಬಣ್ಣಕ್ಕೆ ಬೆರೆತುಹೋಯಿತು. ಆಗ ಕಪ್ಪು-ಬಿಳುಪು ಟಿವಿ, ನೆನಪಿರಲಿ. ಕೆನಡಿ ಗಾಢ ಬಣ್ಣದ ಸೂಟು ತೊಟ್ಟು, ಬಿಸಿಲಿಗೆ ಕಂದಿದ ಮುಖದಲ್ಲಿ ಗಟ್ಟಿಮುಟ್ಟಾಗಿ ಕಂಡರು. ನಿಕ್ಸನ್ ಕೆನಡಿಯನ್ನು ನೋಡಿ ಮಾತಾಡಿದರೆ, ಕೆನಡಿ ಕ್ಯಾಮೆರಾ ನೋಡಿ, ಅಂದರೆ ಮನೆಯಲ್ಲಿ ಕೂತವರನ್ನು ನೋಡಿ ಮಾತಾಡಿದರು.

ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರು ಎಂದರು, ಟಿವಿಯಲ್ಲಿ ನೋಡಿದವರು ಕೆನಡಿ ಎಂದರು ಅನ್ನುವ ಮಾತು ಅಂದಿನಿಂದ ಓಡಾಡುತ್ತಿದೆ. ಅದಕ್ಕೆ ಆಧಾರ ಒಂದೇ ಒಂದು ಸಮೀಕ್ಷೆ. ಅದರಲ್ಲಿದ್ದ ರೇಡಿಯೋ ಕೇಳುಗರು ಕೆಲವೇ ನೂರು. ಅವರಲ್ಲಿ ಮೊದಲೇ ನಿಕ್ಸನ್ ಕಡೆ ಇದ್ದವರು ಎಷ್ಟು ಅಂತ ತಿಳಿಯಲು ದಾರಿ ಇಲ್ಲ. ಹಾಗಾಗಿ ಅದನ್ನು ಪುರಾವೆ ಅನ್ನುವುದು ಕಷ್ಟ.

ಆದರೆ ಜೇಮ್ಸ್ ಡ್ರಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞ ಇದನ್ನು ಸರಿಯಾಗಿ ಪರೀಕ್ಷೆ ಮಾಡಿದರು. ನಲವತ್ತು ವರ್ಷ ಹಳೆಯ ಆ ಡಿಬೇಟ್ ಬಗ್ಗೆ ಹೆಚ್ಚು ಗೊತ್ತಿಲ್ಲದವರನ್ನು ಕರೆದು, ಅರ್ಧ ಜನಕ್ಕೆ ವಿಡಿಯೋ ತೋರಿಸಿದರು, ಅರ್ಧ ಜನಕ್ಕೆ ಬರೀ ಧ್ವನಿ ಕೇಳಿಸಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ನೋಡಿದವರಲ್ಲಿ ಕೆನಡಿ ಗೆದ್ದರು ಎಂದವರು ಕೇಳಿದವರಿಗಿಂತ ಜಾಸ್ತಿ. ಕೇಳಿದವರು ವಿಷಯದ ಮೇಲೆ ಅಳೆದರು. ನೋಡಿದವರು ವಿಷಯದ ಜೊತೆಗೆ, ಈ ಮನುಷ್ಯ ನಂಬಿಕಸ್ಥನಾ ಅಂತಲೂ ಅಳೆದರು. ಇನ್ನೊಂದು ಸಂಗತಿ ಇಲ್ಲಿ ಬಿಟ್ಟುಹೋಗಬಾರದು: ನೋಡಿದವರು ಕೇಳಿದವರಿಗಿಂತ ಹೆಚ್ಚು ತಿಳಿದುಕೊಂಡಿದ್ದರು. ಟಿವಿ ಅಂದರೆ ಬರೀ ಥಳುಕು ಅಂತ ತಳ್ಳಿಹಾಕುವ ಹಾಗಿಲ್ಲ.

2024ರಲ್ಲಿ ಇದೇ ಇನ್ನೊಂದು ರೂಪದಲ್ಲಿ ಕಂಡಿತು. ಈಗ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರನ್ನೂ ಸದಾ ತೋರಿಸುತ್ತಾರೆ. ಟ್ರಂಪ್ ಮಾತಾಡುವಾಗ, ಬಾಯಿ ತುಸು ತೆರೆದು ಒಂದೇ ಕಡೆ ನೋಡುತ್ತಾ ನಿಂತ ಬೈಡನ್ ಮುಖ ಕಾಣುತ್ತಲೇ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ ಸಂಜೆ 6 ಗಂಟೆ. ಆಫೀಸಿನಿಂದ ಮನೆಗೆ ಹೋಗುತ್ತಾ ಕಾರಿನ ರೇಡಿಯೋದಲ್ಲಿ ಕೇಳಿದವರಿಗೆ ಗೊಗ್ಗರು ಧ್ವನಿ ಮಾತ್ರ ಸಿಕ್ಕಿತು. ಮನೆಯಲ್ಲಿ ನೋಡಿದವರಿಗೆ ಆ ಮುಖವೂ ಸಿಕ್ಕಿತು. ಮಾತಾಡದೇ ಇರುವ ಹೊತ್ತಿನಲ್ಲೂ ಅಭ್ಯರ್ಥಿ ಪರೀಕ್ಷೆಯಲ್ಲಿದ್ದಾನೆ.

ಬೇರೆಯವರ ನಗು ನಮ್ಮ ತೀರ್ಪಿಗೆ ಸೇರುವುದು

1984ರ ಅಕ್ಟೋಬರ್ 21, ಕ್ಯಾನ್ಸಸ್ ಸಿಟಿ. ಅಧ್ಯಕ್ಷ ರೊನಾಲ್ಡ್ ರೇಗನ್‌ಗೆ ಆಗ 73 ವರ್ಷ. ಮೊದಲ ಡಿಬೇಟ್‌ನಲ್ಲಿ ಮಂಕಾಗಿ ಕಂಡಿದ್ದರು. ವಯಸ್ಸಿನ ಬಗ್ಗೆ ಪ್ರಶ್ನೆ ಬಂತು. ಚುನಾವಣೆಯಲ್ಲಿ ವಯಸ್ಸನ್ನು ವಿಷಯ ಮಾಡುವುದಿಲ್ಲ, ಎದುರಾಳಿಯ ಎಳೆತನ ಮತ್ತು ಅನುಭವದ ಕೊರತೆಯನ್ನು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲ ಅಂತ ರೇಗನ್ ಉತ್ತರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ಎದುರಾಳಿ ವಾಲ್ಟರ್ ಮಾಂಡೇಲ್ ಕೂಡ ನಕ್ಕರು. ಮಾಂಡೇಲ್ ಆಗಲೇ ಉಪಾಧ್ಯಕ್ಷರಾಗಿದ್ದವರು, 56 ವರ್ಷದವರು.

ಮೂವರು ಮನಶ್ಶಾಸ್ತ್ರಜ್ಞರು ಆಮೇಲೆ ಈ ಡಿಬೇಟನ್ನೇ ತೆಗೆದುಕೊಂಡು ಒಂದು ಪ್ರಯೋಗ ಮಾಡಿದರು. 2007ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ ಇದ್ದಂತೆಯೇ ತೋರಿಸಿದರು. ಕೆಲವರಿಗೆ ಚಟಾಕಿಗಳನ್ನೇ ಕತ್ತರಿಸಿದರು. ಇನ್ನು ಕೆಲವರಿಗೆ ಚಟಾಕಿ ಇಟ್ಟು ಸಭಿಕರ ನಗುವನ್ನು ಮಾತ್ರ ತೆಗೆದರು. ನಗು ಇಲ್ಲದ ಚಟಾಕಿ ಕೇಳಿದವರು ರೇಗನ್‌ಗೆ ಕೊಟ್ಟ ಅಂಕ ತುಂಬ ಕೆಳಗಿಳಿಯಿತು. ಮಾತು ಅದೇ, ಮನುಷ್ಯ ಅವರೇ. ಬದಲಾದದ್ದು ಸಭಿಕರ ಸದ್ದು ಮಾತ್ರ. ನಮಗೆ ಇಷ್ಟವಾಯಿತು ಅಂತ ನಾವು ಅಂದುಕೊಳ್ಳುವುದರಲ್ಲಿ ಒಂದಷ್ಟು ಪಾಲು ಪಕ್ಕದವರದ್ದು.

ಬ್ರಿಟನ್ನಿನಲ್ಲಿ ಇದರ ಇನ್ನೊಂದು ಮುಖ ನೋಡಿದರು. ಕೆಲವು ಚಾನೆಲ್‌ಗಳು ಡಿಬೇಟ್ ನಡೆಯುವಾಗಲೇ ಪರದೆಯ ಕೆಳಗೆ ಏರಿಳಿಯುವ ಒಂದು ಗೆರೆ ತೋರಿಸುತ್ತವೆ. ಎಲ್ಲೋ ಕೂತ ಒಂದು ಚಿಕ್ಕ ಗುಂಪಿನ ಕೈಯಲ್ಲಿ ಸಣ್ಣ ಯಂತ್ರ ಕೊಟ್ಟಿರುತ್ತಾರೆ. ಮಾತು ಇಷ್ಟವಾದರೆ ಒಂದು ಕಡೆ, ಇಷ್ಟವಾಗದಿದ್ದರೆ ಇನ್ನೊಂದು ಕಡೆ ತಿರುಗಿಸುತ್ತಾರೆ. ಅದರ ಸರಾಸರಿಯೇ ಆ ಗೆರೆ. 2010ರ ಚುನಾವಣೆಯ ಡಿಬೇಟ್ ನೇರ ಪ್ರಸಾರವಾಗುವಾಗ ಸಂಶೋಧಕರು ಸುಮಾರು 150 ಜನರನ್ನು ಎರಡು ಗುಂಪು ಮಾಡಿ ಕೂರಿಸಿ, ಬೇಕೆಂದೇ ಸುಳ್ಳು ಗೆರೆ ತೋರಿಸಿದರು. ಒಂದು ಗುಂಪಿಗೆ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಪರ, ಇನ್ನೊಂದಕ್ಕೆ ಎದುರಾಳಿ ನಿಕ್ ಕ್ಲೆಗ್ ಪರ. ಯಾರು ಗೆದ್ದರು ಅನ್ನುವ ಅಭಿಪ್ರಾಯ ಆ ಗೆರೆಯ ಹಿಂದೆಯೇ ಹೋಯಿತು.

ಈಗ ಆ ಗೆರೆಯ ಜಾಗಕ್ಕೆ ಫೋನು ಬಂದಿದೆ. ಡಿಬೇಟ್ ನೋಡುತ್ತಲೇ ಕೂಟದ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆ, ನಗು, ತಲೆ ಚಚ್ಚಿಕೊಳ್ಳುವ ಚಿತ್ರಗಳು ಬರುತ್ತಿರುತ್ತವೆ. ಸ್ಟುಡಿಯೋದಲ್ಲಿ ಸಭಿಕರನ್ನು ಹೊರಗಿಟ್ಟರೂ ಸಭೆ ನಮ್ಮ ಅಂಗೈಯಲ್ಲೇ ಕೂತಿದೆ.

ಮರುದಿನ ಬದಲಾಗುವ ನೆನಪು

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

1976ರ ಅಕ್ಟೋಬರ್ 6, ಸ್ಯಾನ್ ಫ್ರಾನ್ಸಿಸ್ಕೋ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್. ವಿಷಯ ವಿದೇಶಾಂಗ ನೀತಿ. ಪೂರ್ವ ಯುರೋಪಿನಲ್ಲಿ ಸೋವಿಯತ್ ಯಜಮಾನಿಕೆ ಇಲ್ಲ, ತಮ್ಮ ಆಡಳಿತದಲ್ಲಿ ಇರುವುದೂ ಇಲ್ಲ ಅಂತ ಫೋರ್ಡ್ ಹೇಳಿಬಿಟ್ಟರು. ಪೋಲೆಂಡ್, ಹಂಗೇರಿ, ಪೂರ್ವ ಜರ್ಮನಿಯಲ್ಲಿ ಸೋವಿಯತ್ ಸೇನೆ ಬೀಡುಬಿಟ್ಟಿದ್ದ ಕಾಲ ಅದು. ಪ್ರಶ್ನೆ ಕೇಳಿದ್ದ ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್‌ಗೆ ನಂಬಲಾಗಲಿಲ್ಲ. ನೀವು ಹೇಳಿದ್ದು ಹೀಗೇನಾ ಅಂತ ತಿರುಗಿ ಕೇಳಿ ಅವಕಾಶ ಕೊಟ್ಟರು. ಫೋರ್ಡ್ ಸರಿಪಡಿಸಿಕೊಳ್ಳಲಿಲ್ಲ. ಪೋಲೆಂಡಿನವರು ತಮ್ಮನ್ನು ಸೋವಿಯತ್ ಅಡಿಯಾಳುಗಳು ಅಂದುಕೊಂಡಿಲ್ಲ ಅಂತ ಇನ್ನಷ್ಟು ಗಟ್ಟಿ ಮಾಡಿದರು.

ಆ ರಾತ್ರಿ ಮನೆಯಲ್ಲಿ ನೋಡಿದವರು ಏನಂದರು ಗೊತ್ತಾ? ಡಿಬೇಟ್ ಮುಗಿದ ಕೂಡಲೇ ಫೋರ್ಡ್ ಕಡೆಯವರೇ ಫೋನ್ ಮಾಡಿ ಕೇಳಿದಾಗ, ಫೋರ್ಡ್ ಗೆದ್ದರು ಎಂದವರೇ ಜಾಸ್ತಿ. ಪೂರ್ವ ಯುರೋಪಿನ ಮಾತು ಹೆಚ್ಚಿನವರ ಕಿವಿಗೆ ತಪ್ಪಾಗಿ ಬಿದ್ದಿರಲೇ ಇಲ್ಲ. ಮರುದಿನ ಟಿವಿ, ಪತ್ರಿಕೆ ಎಲ್ಲ ಕಡೆ ಅದೇ ಸುದ್ದಿ. ಮರುದಿನ ರಾತ್ರಿಯ ಹೊತ್ತಿಗೆ ಕೇಳಿದಾಗ, ಕಾರ್ಟರ್ ಗೆದ್ದರು ಎಂದವರು ಬಹಳ ಮುಂದಿದ್ದರು. ಡಿಬೇಟ್ ಮತ್ತೆ ನಡೆದಿರಲಿಲ್ಲ. ಆದರೂ ಗೆದ್ದವರು ಬದಲಾಗಿದ್ದರು.

ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಫೋರ್ಡ್ ಹೇಳಿದ್ದು ತಪ್ಪೇ. ಅದು ತಪ್ಪು ಅಂತ ತಿಳಿಸುವುದು ಪತ್ರಿಕೆಗಳ ಕೆಲಸವೇ. ಮನೆಯಲ್ಲಿ ಕೂತವರಿಗೆ ಗೊತ್ತಿಲ್ಲದ್ದನ್ನು ಬಲ್ಲವರು ಹೇಳಿದರು. 2000ದಲ್ಲಿ ನಡೆದದ್ದು ಬೇರೆ ಥರ. ಆಲ್ ಗೋರ್ ಮತ್ತು ಜಾರ್ಜ್ ಡಬ್ಲ್ಯು. ಬುಷ್ ಅವರ ಮೊದಲ ಡಿಬೇಟ್ ಮುಗಿದ ಕೂಡಲೇ ನಡೆದ ಸಮೀಕ್ಷೆಗಳಲ್ಲಿ ಗೋರ್ ಸ್ವಲ್ಪ ಮುಂದಿದ್ದರು. ಬುಷ್ ಮಾತಾಡುವಾಗ ಗೋರ್ ಬಿಟ್ಟ ನಿಟ್ಟುಸಿರುಗಳು ಮೈಕಿನಲ್ಲಿ ಕೇಳಿಸಿದ್ದವು. ಮುಂದಿನ ದಿನಗಳಲ್ಲಿ ಟಿವಿಯವರು ಆ ನಿಟ್ಟುಸಿರುಗಳನ್ನೇ ಪೋಣಿಸಿ ಮತ್ತೆ ಮತ್ತೆ ತೋರಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಅದೇ. ಇಲ್ಲಿ ಹೊಸದೇನೂ ತಿಳಿದಂತಾಗಲಿಲ್ಲ, 90 ನಿಮಿಷ ಕುಗ್ಗಿ ಕೆಲವು ಸೆಕೆಂಡುಗಳಾಯಿತು ಅಷ್ಟೇ.

ಈ ಕೆಲಸಕ್ಕೆಂದೇ ಒಂದು ಜಾಗ ಇದೆ. ಡಿಬೇಟ್ ನಡೆಯುವ ಕಟ್ಟಡದಲ್ಲೋ ಹತ್ತಿರದಲ್ಲೋ ಒಂದು ದೊಡ್ಡ ಕೋಣೆ. ಮುಗಿದ ತಕ್ಷಣ ಎರಡೂ ಕಡೆಯ ನಾಯಕರು ಅಲ್ಲಿ ಪತ್ರಕರ್ತರ ಮುಂದೆ ನಿಂತು, ಯಾಕೆ ತಮ್ಮವರೇ ಗೆದ್ದರು ಅಂತ ವಿವರಿಸುತ್ತಾರೆ. ಅದಕ್ಕೆ ಸ್ಪಿನ್ ರೂಮ್ ಅನ್ನುತ್ತಾರೆ. ಸಾಮಾನ್ಯವಾಗಿ ಅಭ್ಯರ್ಥಿ ಅಲ್ಲಿಗೆ ಬರುವುದಿಲ್ಲ. 2024ರ ಸೆಪ್ಟೆಂಬರ್ 10ರ ರಾತ್ರಿ ಟ್ರಂಪ್ ತಾವೇ ಬಂದು ಮಾತಾಡಿದರು.

'ಗೆದ್ದರು' ಅಂತ ಎಣಿಸುವುದು ಹೇಗೆ

ಡಿಬೇಟ್ ಮುಗಿದ ಅರ್ಧ ಗಂಟೆಯಲ್ಲಿ ಬರುವ ಅಂಕಿಗೆ ಫ್ಲ್ಯಾಶ್ ಪೋಲ್ ಅನ್ನುತ್ತಾರೆ. ಡಿಬೇಟ್ ನೋಡುತ್ತೇವೆ ಎಂದು ಮೊದಲೇ ಒಪ್ಪಿದ ನೋಂದಾಯಿತ ಮತದಾರರನ್ನು ಆರಿಸಿಟ್ಟುಕೊಂಡು, ಮುಗಿದ ಕೂಡಲೇ ಕೇಳುತ್ತಾರೆ. 2024ರ ಸಿಎನ್‌ಎನ್ ಸಮೀಕ್ಷೆಗಳಲ್ಲಿ ಇದ್ದವರು ಆರು ನೂರರ ಆಸುಪಾಸು. ಅದು ನೋಡಿದವರ ಅಭಿಪ್ರಾಯ, ದೇಶದ್ದಲ್ಲ. ಒಂದು ಪಕ್ಷದವರು ಜಾಸ್ತಿ ನೋಡಿದ್ದರೆ ಅಂಕಿಯೂ ಅತ್ತ ವಾಲುತ್ತದೆ.

ಇನ್ನು ಜಾಲತಾಣಗಳಲ್ಲಿ ಬಟನ್ ಒತ್ತಿ ವೋಟು ಹಾಕಿಸುವ ಪೋಲ್‌ಗಳು. ಅವಕ್ಕೆ ಬೆಲೆ ಕೊಡಬೇಡಿ. ಯಾರು ಬೇಕಾದರೂ, ಕೆಲವು ಕಡೆ ಎಷ್ಟು ಸಲ ಬೇಕಾದರೂ ಒತ್ತಬಹುದು.

ಹಾಗಾದರೆ ವೋಟು ಬದಲಾಗುವುದೇ ಇಲ್ವಾ?

ಅಪರೂಪ. ಕ್ಯಾರೋಲಿನ್ ಲೆ ಪೆನ್ನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಎಂಬ ಇಬ್ಬರು ಸಂಶೋಧಕರು 10 ದೇಶಗಳ 62 ಚುನಾವಣೆಗಳನ್ನು, 56 ಟಿವಿ ಡಿಬೇಟ್‌ಗಳನ್ನು ಪರಿಶೀಲಿಸಿದರು. ಚುನಾವಣೆಗೆ ಮೊದಲು ಯಾರಿಗೆ ಅಂತ ಹೇಳಿದ್ದವರನ್ನೇ ಚುನಾವಣೆ ಆದ ಮೇಲೆ ಯಾರಿಗೆ ಹಾಕಿದಿರಿ ಅಂತ ಕೇಳಿದ ದಾಖಲೆಗಳು ಅವರ ಬಳಿ ಇದ್ದವು. ಪ್ರಚಾರದ ಕೊನೆಯ ಎರಡು ತಿಂಗಳಲ್ಲಿ ಜನ ಮನಸ್ಸು ಮಾಡುತ್ತಾರೆ, ಬದಲಾಯಿಸುತ್ತಾರೆ, ಅದು ನಿಜ. ಆದರೆ ಡಿಬೇಟ್ ಆದ ದಿನಗಳಲ್ಲಿ ಅದು ಎದ್ದು ಕಾಣುವಂತೆ ಏರಲಿಲ್ಲ.

ಹಳೆಯ ಉದಾಹರಣೆಗಳೂ ಇದನ್ನೇ ಹೇಳುತ್ತವೆ. 2012ರಲ್ಲಿ ಡೆನ್ವರ್‌ನ ಮೊದಲ ಡಿಬೇಟ್‌ನಲ್ಲಿ ಮಿಟ್ ರಾಮ್ನಿ ಭರ್ಜರಿಯಾಗಿ ಗೆದ್ದರು, ಚುನಾವಣೆ ಗೆದ್ದದ್ದು ಬರಾಕ್ ಒಬಾಮಾ. 2016ರ ಮೂರೂ ಡಿಬೇಟ್‌ಗಳಲ್ಲಿ ಹಿಲರಿ ಕ್ಲಿಂಟನ್ ಗೆದ್ದರು ಅಂತ ಸಿಎನ್‌ಎನ್ ಸಮೀಕ್ಷೆಗಳಲ್ಲಿ ನೋಡುಗರು ಹೇಳಿದರು. ಮೊದಲನೆಯದನ್ನು 8.4 ಕೋಟಿ ಜನ ನೋಡಿದ್ದರು, ಅದು ದಾಖಲೆ. ಅಧ್ಯಕ್ಷರಾದದ್ದು ಟ್ರಂಪ್.

ಹಾಗಂತ ಡಿಬೇಟ್ ಸುಮ್ನೆ ತಮಾಷೆ ಅನ್ನುವುದೂ ತಪ್ಪು. ಎರಡು ಕಾರಣ ಹೇಳಬಹುದು.

ಮೊದಲನೆಯದು ಅಮೆರಿಕದ ಚುನಾವಣೆಯ ಲೆಕ್ಕ. ಅಲ್ಲಿ ಇಡೀ ದೇಶದ ವೋಟನ್ನು ಒಟ್ಟಿಗೆ ಕೂಡಿಸಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟೋರಲ್ ಮತಗಳಿವೆ. ಹೆಚ್ಚಿನ ರಾಜ್ಯಗಳಲ್ಲಿ ಒಂದು ವೋಟು ಮುಂದಿದ್ದವರಿಗೂ ಆ ರಾಜ್ಯದ ಅಷ್ಟೂ ಸೇರುತ್ತವೆ. ಒಟ್ಟು 538ರಲ್ಲಿ 270 ಸಿಕ್ಕರೆ ಗೆಲುವು. 2016ರಲ್ಲಿ ಕ್ಲಿಂಟನ್‌ಗೆ ದೇಶದಲ್ಲಿ ಸುಮಾರು 29 ಲಕ್ಷ ವೋಟು ಜಾಸ್ತಿ ಬಂದರೂ ಸೋತದ್ದು ಇದರಿಂದಲೇ. ಯಾರ ಕಡೆಯಾದರೂ ವಾಲಬಹುದಾದ ರಾಜ್ಯಗಳಿಗೆ ಸ್ವಿಂಗ್ ರಾಜ್ಯ ಅನ್ನುತ್ತಾರೆ. 2024ರಲ್ಲಿ ಅವು ಏಳು: ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ. 2020ರಲ್ಲಿ ಜಾರ್ಜಿಯಾದಲ್ಲಿ ಅಂತರ ಬರೀ 11,779 ವೋಟು. ಹಾಗಾಗಿ ನೂರಕ್ಕೆ ಒಬ್ಬರು ಮನಸ್ಸು ಬದಲಾಯಿಸಿದರೂ ಕೆಲವು ಕಡೆ ಅದು ದೊಡ್ಡದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಕನ್ನಡಿಗನ ಮನಸ್ಸು ಹೊಯ್ದಾಡಿದರೆ ಲೆಕ್ಕ ಅಲುಗುವುದಿಲ್ಲ. ಅಟ್ಲಾಂಟಾ ಪಕ್ಕದ ಆಲ್ಫಾರೆಟ್ಟಾದಲ್ಲೋ ನಾರ್ತ್ ಕ್ಯಾರೊಲಿನಾದ ಕೇರಿ (Cary) ಎಂಬ ಊರಲ್ಲೋ ಇರುವವರ ಮನಸ್ಸು ಹೊಯ್ದಾಡಿದರೆ ಅಲುಗಬಹುದು.

ಎರಡನೆಯದು ಇನ್ನೂ ಮುಖ್ಯ. ಡಿಬೇಟ್ ಹೊಸ ಯೋಚನೆ ಹುಟ್ಟಿಸುವುದು ಕಡಿಮೆ. ಮತದಾರರ ಮನಸ್ಸಿನಲ್ಲಿ ಮೊದಲೇ ಒಂದು ಅನುಮಾನ ಇದ್ದರೆ, ಅದಕ್ಕೆ ಉತ್ತರ ಕೊಡುತ್ತದೆ. 1980ರಲ್ಲಿ ರೇಗನ್ ಬಗ್ಗೆ ಜನರಿಗಿದ್ದ ಅನುಮಾನ, ಇವರ ಕೈಗೆ ಅಧಿಕಾರ ಕೊಟ್ಟರೆ ಯುದ್ಧ ತಂದಾರಾ ಅನ್ನುವುದು. ಮತದಾನಕ್ಕೆ ಒಂದೇ ವಾರ ಇದ್ದಾಗ, ಅಕ್ಟೋಬರ್ 28ರಂದು, ಅವರು ಆಗ ಅಧ್ಯಕ್ಷರಾಗಿದ್ದ ಕಾರ್ಟರ್ ಪಕ್ಕದಲ್ಲಿ ನಗುನಗುತ್ತಾ ನಿಂತು ಮಾತಾಡಿದರು. ಕೊನೆಯಲ್ಲಿ, ನಾಲ್ಕು ವರ್ಷದ ಹಿಂದಿಗಿಂತ ಈಗ ನಿಮ್ಮ ಸ್ಥಿತಿ ಚೆನ್ನಾಗಿದೆಯಾ ಅಂತ ನೋಡುಗರನ್ನೇ ಕೇಳಿದರು. ಅನುಮಾನ ಕರಗಿತು. 2024ರ ಜೂನ್‌ನಲ್ಲಿ ಆದದ್ದು ಅದರ ತಿರುಗುಮುರುಗು. 81 ವರ್ಷದ ಬೈಡನ್‌ಗೆ ಇನ್ನು ನಾಲ್ಕು ವರ್ಷ ನಿಭಾಯಿಸಲು ಆಗುತ್ತದಾ ಅನ್ನುವ ಪ್ರಶ್ನೆ ಮೊದಲೇ ಇತ್ತು. ಆ ರಾತ್ರಿ 5.1 ಕೋಟಿ ಜನ ಕಣ್ಣಾರೆ ನೋಡಿದರು. ಆಮೇಲಿನ ಸಮೀಕ್ಷೆಗಳಲ್ಲಿ ಬೈಡನ್ ಕಳೆದುಕೊಂಡ ವೋಟು ಅಷ್ಟೇನೂ ದೊಡ್ಡದಲ್ಲ. ನಿಜವಾಗಿ ಅಲುಗಾಡಿದ್ದು ಅವರದ್ದೇ ಪಕ್ಷದ ಸಂಸದರು, ಹಣ ಕೊಡುವವರು. ಅವರ ಒತ್ತಡ ತಡೆಯಲಾಗದೆ ಬೈಡನ್ ಹಿಂದೆ ಸರಿದರು.

ಸೆಪ್ಟೆಂಬರ್ 10ರ ಮೊದಲ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಮಾಡರೇಟರ್ ಡೇವಿಡ್ ಮ್ಯೂರ್ ಹ್ಯಾರಿಸ್ ಅವರನ್ನು ಕೇಳಿದ್ದು, ಆರ್ಥಿಕವಾಗಿ ಅಮೆರಿಕನ್ನರು ನಾಲ್ಕು ವರ್ಷದ ಹಿಂದಿಗಿಂತ ಚೆನ್ನಾಗಿದ್ದಾರೆ ಅಂತ ನಿಮಗೆ ಅನ್ನಿಸುತ್ತದಾ? ಹೌದು ಅಥವಾ ಇಲ್ಲ ಅನ್ನುವ ಬದಲು ಹ್ಯಾರಿಸ್, ತಾವು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದವರು ಅನ್ನುವಲ್ಲಿಂದ ಶುರು ಮಾಡಿದರು. ಮನೆಗಳು, ಸಣ್ಣ ವ್ಯಾಪಾರಗಳು, ತಮ್ಮ ಯೋಜನೆ ಬಗ್ಗೆ ಹೇಳಿದರು. ಮುಂದಿನ 90 ನಿಮಿಷದಲ್ಲಿ ಟ್ರಂಪ್ ಹಲವು ಸಲ ಸಿಟ್ಟಾದರು. ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಸಾಕುಪ್ರಾಣಿ ತಿನ್ನುತ್ತಿದ್ದಾರೆ ಎಂದರು. ಅದಕ್ಕೆ ನಂಬುವಂಥ ವರದಿ ಇಲ್ಲ ಅಂತ ಊರಿನ ಅಧಿಕಾರಿಯೇ ತಿಳಿಸಿದ್ದಾರೆ ಎಂದು ಮ್ಯೂರ್ ಅಲ್ಲೇ ತಿದ್ದಿದರು. ವೇದಿಕೆಯ ಮೇಲಿನ ಗೆಲುವು ಹ್ಯಾರಿಸ್‌ದೇ. ಆದರೆ ದಿನಸಿ ಬಿಲ್ಲು, ಮನೆ ಬಾಡಿಗೆ ನೋಡಿ ವೋಟು ಹಾಕುವವರು ಕಾದಿದ್ದ ಉತ್ತರ ಮೊದಲ ಪ್ರಶ್ನೆಗೇ ಬರಲಿಲ್ಲ. ನವೆಂಬರ್‌ನಲ್ಲಿ ಏಳೂ ಸ್ವಿಂಗ್ ರಾಜ್ಯಗಳು ಟ್ರಂಪ್ ಕಡೆ ಹೋದವು: 312ಕ್ಕೆ 226.

ಒಬ್ಬ ಯುವತಿಯ ಪ್ರಶ್ನೆ

ಮತದಾರರು ಡಿಬೇಟ್‌ನಿಂದ ನಿಜಕ್ಕೂ ಬಯಸುವುದೇನು ಅನ್ನುವುದು 1992ರ ಅಕ್ಟೋಬರ್ 15ರಂದು ರಿಚ್‌ಮಂಡ್‌ನಲ್ಲಿ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಂಡಿಲ್ಲ. ಅಂದು ಪತ್ರಕರ್ತರ ಬದಲು, ಇನ್ನೂ ತೀರ್ಮಾನ ಮಾಡದ ಸುಮಾರು 200 ಮತದಾರರು ಸುತ್ತ ಕೂತು ಪ್ರಶ್ನೆ ಕೇಳಿದರು. ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್, ಬಿಲ್ ಕ್ಲಿಂಟನ್, ರಾಸ್ ಪೆರೋ ಮೂವರೂ ಎತ್ತರದ ಸ್ಟೂಲ್‌ಗಳ ಮೇಲಿದ್ದರು. ಒಬ್ಬ ಯುವತಿ ಎದ್ದು ಕೇಳಿದಳು: ದೇಶದ ಸಾಲ ನಿಮ್ಮ ಸ್ವಂತ ಬದುಕಿನ ಮೇಲೆ ಹೇಗೆ ಪರಿಣಾಮ ಮಾಡಿದೆ?

ಅವಳು ಕೇಳುತ್ತಿರುವಾಗಲೇ ಬುಷ್ ಕೈಗಡಿಯಾರ ನೋಡಿಕೊಂಡರು. ಕ್ಯಾಮೆರಾ ಅದನ್ನು ಹಿಡಿಯಿತು. ಆಮೇಲೆ ಉತ್ತರ ಹುಡುಕುತ್ತಾ, ಪ್ರಶ್ನೆ ತಮಗೆ ಸರಿಯಾಗಿ ಅರ್ಥವಾಗಿಲ್ಲ ಎಂದರು. ಕ್ಲಿಂಟನ್ ಸರದಿ ಬಂದಾಗ ಅವರು ಸ್ಟೂಲ್‌ನಿಂದ ಇಳಿದು ಅವಳ ಹತ್ತಿರ ನಡೆದು ಹೋದರು. ನಿಮಗೆ ಹೇಗೆ ತಟ್ಟಿದೆ ಹೇಳಿ ಅಂತ ಅವಳನ್ನೇ ಕೇಳಿದರು. ಕೆಲಸ ಕಳೆದುಕೊಂಡವರು, ಮನೆ ಕಳೆದುಕೊಂಡವರು ನಿಮಗೆ ಗೊತ್ತಲ್ವಾ ಎಂದರು. ಆಮೇಲೆ, ಗವರ್ನರ್ ಆಗಿ ತಮ್ಮ ಚಿಕ್ಕ ರಾಜ್ಯದಲ್ಲಿ ಕಾರ್ಖಾನೆ ಮುಚ್ಚಿದಾಗ ಆ ಜನರನ್ನು ಹೆಸರು ಹಿಡಿದು ಬಲ್ಲೆ ಎಂದರು.

ದೇಶದ ಸಾಲದ ಬಗ್ಗೆ ಅವರಿಬ್ಬರಲ್ಲಿ ಯಾರ ಲೆಕ್ಕ ಸರಿ ಅನ್ನುವುದು ಆ ಎರಡು ನಿಮಿಷದಲ್ಲಿ ತೀರ್ಮಾನವಾಗಲಿಲ್ಲ. ನಮ್ಮ ಕಷ್ಟ ಇವರಿಗೆ ಗೊತ್ತಾಗುತ್ತದಾ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಇದನ್ನು ಮೇಲುಮೇಲಿನ ಭಾವುಕತೆ ಅಂತ ಬದಿಗೆ ಸರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಲ್ಕು ವರ್ಷ ದೇಶ ನಡೆಸುವವರು ಎದುರಿಗಿರುವ ಮನುಷ್ಯರ ಮಾತು ಕೇಳಿಸಿಕೊಳ್ಳುತ್ತಾರಾ ಅಂತ ನೋಡುವುದು ಮತದಾರರ ಹಕ್ಕು.

ನಮ್ಮಲ್ಲಿ ಯಾಕಿಲ್ಲ?

ನಾವು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ನಮ್ಮ ಕ್ಷೇತ್ರದ ಸಂಸದರನ್ನು ಆರಿಸುತ್ತೇವೆ. ಬಹುಮತ ಪಡೆದವರು ನಾಯಕರನ್ನು ಆರಿಸುತ್ತಾರೆ. ಎಷ್ಟೋ ಸಲ ಆ ನಾಯಕರು ಯಾರೆಂದು ಮೊದಲೇ ಗೊತ್ತಿರುವುದೂ ಇಲ್ಲ. ಹಾಗಂತ ಇಂಥ ಪದ್ಧತಿಯಲ್ಲಿ ಡಿಬೇಟ್ ಆಗುವುದೇ ಇಲ್ಲ ಅಂತಲ್ಲ, ನಮ್ಮಂಥದೇ ಪದ್ಧತಿಯ ಬ್ರಿಟನ್ನಿನಲ್ಲಿ 2010ರಲ್ಲಿ ಶುರುವಾಯಿತು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಚರ್ಚೆ ನಡೆಯಲಿಲ್ಲ.

ಮುಂದಿನ ಸಲ ನೋಡಲು ಕೂರುವವರಿಗೆ

ಮುಂದಿನ ಅಧ್ಯಕ್ಷರ ಚುನಾವಣೆ 2028ರ ನವೆಂಬರ್ 7ರಂದು. ಡಿಬೇಟ್‌ಗಳು ವಾಡಿಕೆಯಂತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಡೆಯುತ್ತವೆ.

ಕೂರುವ ಮೊದಲು ನಿಮ್ಮ ಪ್ರಶ್ನೆ ಏನು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೀಸಾ ಇರಬಹುದು, ಮಕ್ಕಳ ಕಾಲೇಜಿನ ಸಾಲ ಇರಬಹುದು, ವಿಮೆಯ ಕಂತು ಇರಬಹುದು. ಅದಕ್ಕೆ ಉತ್ತರ ಬಂತಾ ಇಲ್ವಾ ನೋಡಿ. ಮುಗಿದ ಕೂಡಲೇ ಟಿವಿ ಆಫ್ ಮಾಡಿ, ಗುಂಪಿನ ಮೆಸೇಜುಗಳನ್ನು ತೆರೆಯುವ ಮೊದಲೇ, ನಿಮಗೆ ಅನ್ನಿಸಿದ್ದನ್ನು ಅದೇ ಚೀಟಿಯ ಹಿಂದೆ ಬರೆಯಿರಿ. ಎರಡು ದಿನ ಬಿಟ್ಟು ತೆಗೆದು ನೋಡಿದರೆ, ನಿಮ್ಮ ಅಭಿಪ್ರಾಯದಲ್ಲಿ ಎಷ್ಟು ನಿಮ್ಮದು, ಎಷ್ಟು ಆಮೇಲೆ ಸೇರಿದ್ದು ಅಂತ ತಿಳಿಯುತ್ತದೆ. ಆಮೇಲೆ ಸೇರಿದ್ದೆಲ್ಲ ಕೆಟ್ಟದ್ದಲ್ಲ. ಫೋರ್ಡ್ ಮಾತಿನ ತಪ್ಪು ಬಯಲಾದದ್ದು ಮರುದಿನವೇ. ಮರುದಿನ ಹೊಸ ಸಂಗತಿ ತಿಳಿಯಿತಾ, ಇಲ್ಲ ಹಳೆಯ ತುಣುಕನ್ನೇ ಹತ್ತು ಸಲ ನೋಡಿದಿರಾ ಅನ್ನುವುದನ್ನು ಮಾತ್ರ ಬೇರೆ ಮಾಡಿಕೊಳ್ಳಿ. ಆಡಿದ ಮಾತಿನ ಪೂರ್ತಿ ಬರಹರೂಪ ಮರುದಿನದೊಳಗೆ ಜಾಲತಾಣಗಳಲ್ಲಿ ಸಿಗುತ್ತದೆ. ಕಣ್ಣು ಒಂದು ತೀರ್ಪು ಕೊಟ್ಟ ಮೇಲೆ ಅದನ್ನು ಓದಿದರೆ ಇನ್ನೊಂದು ತೀರ್ಪು ಸಿಗಬಹುದು.

ಇನ್ನೊಂದು ಮಾತು, ಅಂಚೆಯಲ್ಲಿ ವೋಟು ಹಾಕುವವರಿಗೆ. 2020ರಲ್ಲಿ 10 ಕೋಟಿಗೂ ಜಾಸ್ತಿ ಜನ ಮತದಾನದ ದಿನಕ್ಕೆ ಮೊದಲೇ ವೋಟು ಹಾಕಿದ್ದರು. ಕೆಲವು ರಾಜ್ಯಗಳಲ್ಲಿ ಕೊನೆಯ ಡಿಬೇಟ್‌ಗೆ ಎಷ್ಟೋ ದಿನ ಮೊದಲೇ ಮತಪತ್ರ ಮನೆಗೆ ಬಂದಿರುತ್ತದೆ. ತುಂಬಿ ಕಳಿಸಿದ ಮತಪತ್ರ ಅಧಿಕಾರಿಗಳ ಕೈ ಸೇರಿದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಮನಸ್ಸು ಬದಲಾಯಿಸಲು ಅವಕಾಶವಿಲ್ಲ. ಡಿಬೇಟ್ ನೋಡಿಯೇ ತೀರ್ಮಾನ ಮಾಡುತ್ತೇನೆ ಅನ್ನುವವರು ಆ ಲಕೋಟೆಯನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಿ. ಆದರೆ ಅದು ತಲುಪಬೇಕಾದ ಕೊನೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಅದನ್ನು ಮೊದಲೇ ವಿಚಾರಿಸಿಕೊಳ್ಳಿ.